ನೀರಿನ ಚರ್ಮ

ಗಣಪಿಗೆ ಉಪ್ಪಿನ ಅಳತೆ ನಾಲ್ಕೇ: ಗಂಜಿ, ಕಣ್ಣೀರು, ಸಾರು, ಕಡಲು.

ಗಂಜಿ ಎಂದರೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಎರಡನೆಯ ಗುಟುಕಿಗೆ ತಿಳಿಯುವ ನೀರು. ಕಣ್ಣೀರು ಎಲ್ಲರಿಗೂ ಗೊತ್ತಿರುವುದೇ. ಸಾರು ಎಂದರೆ ಉಪ್ಪು ಒಂದು ಚಿಟಿಕೆ ಮುಂದಾದ ಮೀನುಸಾರು. ಕಡಲು ಎಂದರೆ ಕಡಲು, ಅದರ ಮೇಲೆ ಅಳತೆ ಇಲ್ಲ. ಇಳಿತ ಶುರುವಾಗುವ ಹೊತ್ತಿಗೆ ಅವಳು ಒಡ್ಡಿನ ಮೇಲೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಒಂದು ಬೊಗಸೆ ನೀರೆತ್ತಿ ನಾಲಗೆಯ ತುದಿಗೆ ಮುಟ್ಟಿಸಿ ಉಗುಳುತ್ತಿದ್ದಳು. ಆಮೇಲೆ ಯಾರನ್ನೂ ನೋಡದೆ ಹೇಳುತ್ತಿದ್ದಳು: "ಕಣ್ಣೀರು ದಾಟ್ಯದೆ, ಸಾರಾಗ್ಲಿಲ್ಲ." ಅಷ್ಟು ಕೇಳಿದರೆ ಸಾಕು, ಕೋಡಿಹಿತ್ತಲಿನ ನಲವತ್ತು ಮನೆಯವರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಹಳದೀಪುರದಲ್ಲಿ ಹೆದ್ದಾರಿ ಬಿಟ್ಟು, ತೆಂಗಿನ ತೋಟಗಳ ನಡುವೆ ಪಶ್ಚಿಮಕ್ಕೆ ಇಳಿದರೆ ಕೋಡಿಹಿತ್ತಲು. ಅದರಾಚೆ ಗಜನಿ, ಅಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗು ಭೂಮಿ. ಸುತ್ತ ಒಡ್ಡು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ, ಉಪ್ಪಿಗೆ ಹೆದರದ ಉದ್ದ ಮೀಸೆಯ ಭತ್ತ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಹೊಳೆಯ ನೀರನ್ನು ಒಳಗೆ ಕರೆದರೆ ಮೇ ತಿಂಗಳ ಕೊನೆಯವರೆಗೂ ಸಿಗಡಿ. ಊರವರ ಬಾಯಲ್ಲಿ ಅದು ಶೆಟ್ಲಿ. ಒಂದೇ ನೆಲ, ಎರಡು ಬೆಳೆ. ಎರಡರ ನಡುವೆ ಒಂದು ಬಾಗಿಲು, ಆ ಬಾಗಿಲಿಗೆ ಒಬ್ಬಳು ಗಣಪಿ.

ಅವಳು ಈ ಊರಿನವಳಲ್ಲ. ಹುಟ್ಟಿದ್ದು ಅಪ್ಸರಕೊಂಡದ ಮೇಲಿನ ಕೇರಿಯಲ್ಲಿ. ಕಲ್ಲಿನ ಸಂದಿನಿಂದ ಇಳಿದು ಬಂದ ನೀರು ಕುಡಿದು ಬೆಳೆದವಳು. ಹತ್ತೊಂಬತ್ತರಲ್ಲಿ ಮಂಜನ ಕೈ ಹಿಡಿದು ಇಲ್ಲಿಗೆ ಬಂದ ದಿನ, ಮನೆಯ ಬಾವಿಯ ನೀರು ಬಾಯಿಗಿಟ್ಟವಳೇ ಓಡಿ ಹೋಗಿ ತೆಂಗಿನ ಬುಡಕ್ಕೆ ಉಗುಳಿದ್ದಳು. ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಅತ್ತೆ ಬಂಗಾರಿ ಮಾತ್ರ ಕೊರಳಿನ ಕರಿಮಣಿ ಸರಗಳೆಲ್ಲ ಕುಣಿಯುವಂತೆ ನಕ್ಕಳು.

"ಎಂತಾತೇ?"

"ನೀರು ಉಪ್ಪು, ಅತ್ತೆ."

"ಉಪ್ಪಾ? ಇದು ಊರಿನ ಸಿಹಿಬಾವಿ!" ಎಂದ ಬಂಗಾರಿ, ನೆಂಟರ ಕಡೆ ತಿರುಗಿ, "ನಮ್ಮ ನಾಲಗೆ ಎಲ್ಲಾ ಉಪ್ಪಲ್ಲೇ ಹದ ಆದದ್ದು. ಇದ್ರದ್ದು ಇನ್ನೂ ಹಸಿ ಅದೆ. ಬಾಗಿಲಿಗೆ ಇದೇ ಸೈ" ಎಂದಿದ್ದಳು.

ಹೊಸ ಸೊಸೆಗೆ ಅದು ಹೊಗಳಿಕೆಯೋ ಹಂಗಿಸಿದ್ದೋ ತಿಳಿಯಲಿಲ್ಲ. ಎರಡು ವರ್ಷಕ್ಕೆ ತಿಳಿಯಿತು. ಮಂಜ ಭಟ್ಕಳ ಬಂದರಿನ ದೋಣಿಗಳ ಮೇಲೆ ದುಡಿಯುತ್ತ ಹಬ್ಬಕ್ಕೆ, ಮಳೆಗಾಲಕ್ಕೆ ಮನೆಗೆ ಬರುವವನು. ಬಂಗಾರಿಯ ಮೊಣಕಾಲು ಒಡ್ಡು ಹತ್ತಲು ಒಪ್ಪದಾದಾಗ ಬಾಗಿಲು ಗಣಪಿಯ ಪಾಲಿಗೆ ಬಂತು. ಮೂವತ್ತಮೂರು ವರ್ಷ ಅದರ ಮುಂದೆಯೇ ನಿಂತಳು. ಅಲ್ಲೇ ಮಗಳಿಗೆ ಹಾಲೂಡಿದಳು, ಅಲ್ಲೇ ಕುಳಿತು ಮಗಳ ಮದುವೆಯ ಹಾಡು ಕಟ್ಟಿದಳು. ಅವಳಿಗೆ ಬರುವ ಹಾಡುಗಳಲ್ಲಿ ಅರ್ಧ ಇಳಿತಕ್ಕೆ ಕಾಯುವಾಗ ಕಲಿತದ್ದು. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಡವಂತೆ. ಕೋಡಿಹಿತ್ತಲಿನ ನೀರಿಗೆ ಮಾತ್ರ ಗಣಪಿಯ ಅಪ್ಪಣೆ ಬೇಕಿತ್ತು.

ಗಜನಿಗೆ ನಡುವೊಂದು ಒಡ್ಡಿದ್ದು, ಬಡಗಿನ ಪಾಲು, ತೆಂಕಿನ ಪಾಲು ಎಂದು ಎರಡು. ಎರಡಕ್ಕೂ ಒಂದೊಂದು ಬಾಗಿಲು. ಮೊದಲು ಎರಡೂ ಮರದವು. ಚಿರೆಕಲ್ಲಿನ ಕಂಬಗಳಲ್ಲಿ ಕೊರೆದ ಗಾಡಿಯಲ್ಲಿ, ಅಂದರೆ ಸೀಳಿನಲ್ಲಿ, ಒಂದರ ಮೇಲೊಂದು ಕೂರಿಸಿದ ಏಳು ಹಲಗೆಗಳು. ನೀರು ಬಿಡಬೇಕೆಂದರೆ ಮೇಲಿನಿಂದ ಒಂದೊಂದೇ ಎತ್ತುವುದು. ನಾಲ್ಕು ವರ್ಷದ ಹಿಂದೆ ಬಡಗಿನ ಬಾಗಿಲಿಗೆ ಕಬ್ಬಿಣದ ತಗಡು ಬಂತು. ಮೇಲೊಂದು ಚಕ್ರ. ತಿರುಗಿಸಿದರೆ ಇಡೀ ತಗಡು ಬುಡದಿಂದ ಮೇಲೇಳುತ್ತದೆ, ನೀರು ಅಡಿಯಿಂದ ಭೋರೆಂದು ಹೋಗುತ್ತದೆ. ಅದನ್ನು ಓಡಾಡಿ ತರಿಸಿದವರು ಗಜನಿ ಸಂಘದ ಅಧ್ಯಕ್ಷರಾದ ಶ್ರೀಧರಣ್ಣ. ಚಕ್ರಕ್ಕೆ ಹೂ ಹಾಕಿ, ತೆಂಗಿನಕಾಯಿ ಒಡೆದು, "ಇನ್ನು ನಿನ್ನ ಬೆನ್ನಿಗೆ ಸುಖ, ಗಣಪಿ" ಎಂದಿದ್ದರು. ಸುಖವೇ ಆಗಿತ್ತು. ತೆಂಕಿನ ಬಾಗಿಲಿನ ಹಲಗೆಗಳು ಊದಿಕೊಂಡು, ಕೆಳಗಿನವಕ್ಕೆ ಕಲ್ಗದ ಚಿಪ್ಪು ಕಚ್ಚಿಕೊಂಡು, ಮೇಲಿನ ಎರಡನ್ನು ಎಳೆಯುವಷ್ಟರಲ್ಲೇ ಅವಳ ಸೊಂಟ ಬೀಳುತ್ತಿತ್ತು.

ಈ ವರ್ಷ ಮೇ ಎರಡನೆಯ ಶನಿವಾರ ಮಧ್ಯಾಹ್ನ ಮಳೆ ಬಂತು. ಹನಿ ಹಾಕಿ ಹೋಗುವ ಬೇಸಿಗೆ ಮಳೆಯಲ್ಲ. ಆಷಾಢದ ಮಳೆ ದಾರಿ ತಪ್ಪಿ ವೈಶಾಖಕ್ಕೆ ಬಂದಂತೆ ಮೂರು ತಾಸು ಹೊಯ್ದಿತು. ಹತ್ತು ದಿನದಿಂದ ಕಾದ ನೆಲ ಉಸಿರು ಬಿಟ್ಟಿತು. ಸಿಗಡಿ ಹಿಡಿಯಲು ಇನ್ನೂ ಮೂರು ವಾರವಿತ್ತು.

ಭಾನುವಾರ ಬೆಳಿಗ್ಗೆ ಗಣಪಿ ಬೊಗಸೆ ನೀರು ನಾಲಗೆಗೆ ಮುಟ್ಟಿಸಿದಳು. ಗಂಜಿ. ಇಷ್ಟು ಸಿಹಿನೀರು ಒಳಗಿರಬಾರದು, ಇಳಿತಕ್ಕೆ ಹೊರಗೆ ಬಿಟ್ಟು ಭರತಕ್ಕೆ ಉಪ್ಪುನೀರು ತರಬೇಕು. ಬಡಗಿನ ಚಕ್ರ ತಿರುಗಿಸಿದಳು. ತೆಂಕಿನಲ್ಲಿ ಎರಡು ಹಲಗೆ ಎಳೆದಳು. ಮೂವತ್ತಮೂರು ವರ್ಷ ಮಾಡಿದ್ದನ್ನೇ ಮಾಡಿ ಮನೆಗೆ ಬಂದು ಉಂಡಳು.

ಸೋಮವಾರ ಅವಳಿಗಿಂತ ಮೊದಲು ಬೆಳ್ಳಕ್ಕಿಗಳು ಬಂದಿದ್ದವು. ಬಡಗಿನ ಪಾಲಿನ ಒಡ್ಡಿನುದ್ದಕ್ಕೂ ಸಿಗಡಿ ಸತ್ತು ಬಿದ್ದಿತ್ತು, ಬೆರಳುದ್ದದ್ದು, ಮೈ ಹಾಲಿನಂತೆ ಬೆಳ್ಳಗೆ ತಿರುಗಿದ್ದು. ಇನ್ನೂ ಜೀವವಿದ್ದ ಕೆಲವು ನೀರಿನ ಮೇಲೆ ಬಂದು ಬುಗುರಿಯಂತೆ ಸುತ್ತಿ ಸುತ್ತಿ ಮಗುಚಿಕೊಳ್ಳುತ್ತಿದ್ದವು. ಗಣಪಿ ಬಗ್ಗಿ ನೀರು ನಾಲಗೆಗೆ ಮುಟ್ಟಿಸಿದಳು. ಉಪ್ಪಿಗೆ ಮೊದಲು ಇನ್ನೇನೋ ತಾಗಿತು. ನಾಲಗೆಯ ತುದಿ ಜುಮ್ಮೆಂದು, ಆಮೇಲೆ ಅಲ್ಲಿ ನಾಲಗೆಯೇ ಇಲ್ಲದ ಹಾಗಾಯಿತು.

ತೆಂಕಿನ ಪಾಲಿಗೆ ಓಡಿದಳು. ಅಲ್ಲಿ ನೀರು ಸುಮ್ಮನಿತ್ತು. ಕಾಲಿಟ್ಟರೆ ಕೆಸರಿನಿಂದ ಸಿಗಡಿ ಚಂಗನೆ ಹಾರಿ ಅವಳ ಮೊಣಕಾಲಿಗೆ ಬಡಿಯಿತು.

ಹನ್ನೊಂದು ಗಂಟೆಗೆ ಸಂಘದ ಶೆಡ್ಡಿನ ಮುಂದೆ, ಹೊನ್ನೆ ಮರದಡಿ ಊರೇ ಸೇರಿತ್ತು. ಮೇಲಿನ ಗದ್ದೆಯಲ್ಲಿ ಬದನೆ, ಹೀರೆ ಬೆಳೆಯುವ ಉದಯನಾಯ್ಕ ನಡುವೆ ನಿಂತಿದ್ದ. ಅವನ ಗದ್ದೆಯ ತೋಡು ಇಳಿಯುವುದು ಗಜನಿಗೇ.

"ಶುಕ್ರವಾರ ಸಂಜೆ ಮದ್ದು ಹೊಡ್ದದ್ದು ಹೌದು" ಎಂದ ಉದಯ. "ನಾ ಇಲ್ಲ ಹೇಳ್ತ್ನಿಲ್ಲ. ಆದ್ರೆ ಎಂಟು ವರ್ಷಾತು, ಅದೇ ಮದ್ದು, ಅದೇ ಅಳತೆ. ಡಬ್ಬಕ್ಕೆ ಎರಡು ಮುಚ್ಚಳ. ಮೂರನೇದು ಹಾಕಿದ್ರೆ ನನ್ನ ಕೈ ಬಿದ್ದೋಗ್ಲಿ. ಎಂಟು ವರ್ಷ ಸಾಯದ ಶೆಟ್ಲಿ ಈಗ ಎಂತಕ್ಕೆ ಸಾಯ್ತದೆ?"

"ಬದ್ನೆಗೆ ಮದ್ದು, ಶೆಟ್ಲಿಗೆ ವಿಷ. ನಿನ್ನ ಬಾಯಲ್ಲಿ ಮಾತ್ರ ಎರಡೂ ಒಂದೇ" ಎಂದ ಬಡಗಿನಲ್ಲಿ ಪಾಲಿದ್ದ ನಾಗು.

"ಹಂಗಾರೆ ತೆಂಕಿಂದು ಎಂತಕ್ಕೆ ಸಾಯ್ಲಿಲ್ಲ? ನನ್ನ ತೋಡು ಎರಡಕ್ಕೂ ಬೀಳ್ತದೆ! ನನ್ನ ಮದ್ದಿಗೆ ಬಡಗು ತೆಂಕು ಗೊತ್ತದ್ಯಾ?"

ಎಲ್ಲರ ಕಣ್ಣೂ ಬಾಗಿಲಿನ ಕಡೆ ಹೊರಳಿತು.

"ನೀನು ಎಂತ ಮಾಡ್ದೆ, ಗಣಪಿ?" ಎಂದರು ಶ್ರೀಧರಣ್ಣ.

"ಯಾವಾಗ್ಲೂ ಮಾಡೂದೇ ಮಾಡ್ದೆ."

"ಎಲ್ಲರೂ ಯಾವಾಗ್ಲೂ ಮಾಡೂದೇ ಮಾಡಿದ್ರಿ. ಶೆಟ್ಲಿ ಮಾತ್ರ ಹೊಸತು ಮಾಡ್ತು!" ಶ್ರೀಧರಣ್ಣನಿಗೆ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. "ನೋಡಿ, ಶುಕ್ರವಾರ ಮತ್ತೆ ಮಳೆ ಅದೆ ಅಂತ ಮೊಬೈಲಲ್ಲಿ ಬಂದದೆ. ತೆಂಕಿನ ಪಾಲಾದರೂ ಉಳೀಬೇಕು. ಆ ಹಳೇ ಹಲಗೆ ನೆಚ್ಚಿಕೊಂಡ್ರೆ ನೀರು ಹೊರಗೆ ಹೋಗೂಕೆ ಎರಡು ದಿನ. ನಡುವಿನ ಒಡ್ಡು ಕಡಿಯೂದು, ತೆಂಕಿನ ನೀರನ್ನೂ ಕಬ್ಬಿಣದ ಬಾಗಿಲಿಂದ ಒಂದೇ ಇಳ್ತಕ್ಕೆ ಬಿಡೂದು. ಚಕ್ರದ ಕೀಲಿ ಇಲ್ಲಿಡು. ಈ ಸಲ ನಾಗು ನೋಡ್ಕಳ್ತಾನೆ."

ಗಣಪಿ ಸೊಂಟದ ಕೀಲಿಗೆ ಕೈ ಹಾಕಲಿಲ್ಲ. ತೆಂಕಿನಲ್ಲಿ ಮೊಣಕಾಲಿಗೆ ಬಡಿದ ಸಿಗಡಿಯ ಏಟು ಇನ್ನೂ ಅಲ್ಲೇ ಇತ್ತು.

"ಗುರುವಾರದ ವರೆಗೆ ನನ್ನ ಹತ್ರ ಇರ್ಲಿ" ಎಂದಳು. "ಒಡ್ಡು ಕಡಿದ್ರೆ ಕಟ್ಟೂಕೆ ತಿಂಗಳು ಬೇಕು. ಮೂರು ದಿನ ಕಾದ್ರೆ ಎಂತ ಹೋಗ್ತದೆ? ಗುರುವಾರ ನಾ ಹೇಳೂದು ಸರಿ ಕಾಣದಿದ್ರೆ ಕೀಲಿ ನಾನೇ ತಂದಿಡ್ತೆ."

ಹೇಳಿದ್ದು ಗಟ್ಟಿಯಾಗಿಯೇ. ಗುರುವಾರ ಏನು ಹೇಳಬೇಕು ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಬಂಗಾರಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಎಂಬತ್ತಾರು ವರ್ಷ. ಹಲ್ಲು ಒಂದೂ ಇಲ್ಲ, ಮಾತಿಗೆ ಮಾತ್ರ ಹಲ್ಲಿತ್ತು. ಸೊಸೆ ಹೇಳಿದ್ದನ್ನೆಲ್ಲ ಕುಟ್ಟುತ್ತಲೇ ಕೇಳಿದಳು.

"ನೀರು ಎಲ್ಲಿಂದ ತೆಗ್ದೆ?"

"ಬಾಗಿಲ ಹತ್ರ. ಎಲ್ಲಿಂದ ತೆಗೀತ್ರು ಮತ್ತೆ?"

"ಹ್ಯಾಂಗೆ ತೆಗ್ದೆ?"

ಗಣಪಿ ಬೊಗಸೆ ಮಾಡಿ ತೋರಿಸಿದಳು. ಬಂಗಾರಿಯ ಕುಟ್ಟುವ ಕೈ ನಿಂತಿತು.

"ನೀ ನೀರಿನ ಚರ್ಮ ನೆಕ್ಕಿದ್ದು. ಶೆಟ್ಲಿ ಚರ್ಮದ ಮೇಲೆ ಇರ್ತದ್ಯಾ? ಮಳೆನೀರು ಹಗೂರ, ಮೇಲೆ ಮಲಗ್ತದೆ. ಉಪ್ಪುನೀರು ಭಾರ, ಕೆಳಗೆ. ನನ್ನ ಬಿದಿರ ನಳಿಗೆ ಎಂತ ಮಾಡ್ದೆ?"

ಗಣಪಿಗೆ ನೆನಪಾಯಿತು. ಆಳುದ್ದದ, ಎರಡೂ ಬಾಯಿ ತೆರೆದ ಬಿದಿರು. ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರಿಗಿಳಿಸುವುದು, ತಳ ಮುಟ್ಟಿದಾಗ ಬೆರಳು ತೆಗೆಯುವುದು, ಮತ್ತೆ ಒತ್ತಿ ಎತ್ತುವುದು. ತಳದ ನೀರು ಮಾತ್ರ ಬರುತ್ತದೆ. ಮುದುಕಿಯ ಆಟ ಎಂದುಕೊಂಡಿದ್ದಳು ಅದನ್ನು. ಬೊಗಸೆ ಇರುವಾಗ ಬಿದಿರೇಕೆ? ಹಿತ್ತಲಿನಲ್ಲಿ ತೊಂಡೆಬಳ್ಳಿಗೆ ಆನಿಸಿಟ್ಟು ಎಷ್ಟೋ ವರ್ಷವಾಗಿತ್ತು.

"ಮರದ ಬಾಗಿಲಿದ್ದಾಗ ಬೊಗಸೆ ನಡೀತಿತ್ತು" ಎಂದಳು ಬಂಗಾರಿ, ಈಗ ಮೆಲ್ಲಗೆ. "ಮೇಲಿನ ಹಲಗೆ ತೆಗೆದ್ರೆ ಮೇಲಿನ ನೀರೇ ಹೋಗ್ತಿತ್ತು. ನಿನ್ನ ಕಬ್ಬಿಣ ಎಲ್ಲಿಂದ ತೆಗೀತದೆ?"

ಗಣಪಿ ಹಿತ್ತಲಿಗೆ ಹೋಗಿ ತೊಂಡೆಬಳ್ಳಿ ಬಿಡಿಸಿ ಬಿದಿರನ್ನು ಎಳೆದುಕೊಂಡಳು. ಬಡಗಿನಲ್ಲಿ ಅವಳು ಹೊರಗೆ ಬಿಟ್ಟದ್ದು ಸಿಗಡಿ ನಿಂತಿದ್ದ ಉಪ್ಪುನೀರನ್ನು. ಒಳಗೆ ಉಳಿದದ್ದು ಮಳೆ, ತೋಡು, ಉದಯನ ಎರಡು ಮುಚ್ಚಳ. ಅದು ನಿಧಾನ ಕೆಳಗಿಳಿದು ಸಿಗಡಿಯ ಮೇಲೆ ಮಲಗಿತ್ತು. ತೆಂಕಿನಲ್ಲಿ ಹಳೇ ಹಲಗೆಗಳು ಊದಿಕೊಂಡು ಹಟ ಮಾಡಿ ಅವಳನ್ನು ಸರಿದಾರಿಗೆ ಎಳೆದಿದ್ದವು. ಬಾಗಿಲು ಬದಲಾಗಿತ್ತು, ಅವಳ ಕೈ ಬದಲಾಗಿರಲಿಲ್ಲ. ಈ ನಾಲ್ಕು ವರ್ಷ ಸಿಗಡಿ ಒಳಗಿರುವಾಗ ಇಂಥ ಮಳೆ ಬಂದಿರದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ.

ಮಂಗಳವಾರ ಅವಳು ಉದಯನ ಮನೆಗೆ ಹೋದಳು. ಅವನ ಮಗಳು ಅಂಕಿತಾ ಮೀನುಗಾರಿಕೆ ಓದಿ, ಕುಮಟಾದ ಕಡೆ ಸಿಗಡಿ ಮರಿ ಮಾಡುವ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಸುದ್ದಿ ಕೇಳಿ ರಜೆ ಹಾಕಿ ಬಂದಿದ್ದಳು. ಊರಲ್ಲಿ ಅಪ್ಪನಿಗೂ ಮಗಳಿಗೂ ಗಣಪಿ ಅಕ್ಕನೇ.

"ಗಣಪಕ್ಕ, ನಿನ್ನೆ ನೀವು ಆ ನೀರು ಬಾಯಿಗೆ ಹಾಕಿದ್ರಾ?"

"ಹಾಕ್ದೆ ಹ್ಯಾಂಗೆ ಗೊತ್ತಾಗ್ತದೆ?"

"ನಾಲಗೆ ಜುಮ್ ಅಂತಾ?"

"ಹೂಂ. ಈಗ ಸರಿ ಆತು."

ಅಂಕಿತಾ ತಲೆಗೆ ಕೈಯಿಟ್ಟು ಕುಳಿತಳು. "ಇನ್ನು ಹಾಕ್ಬೇಡಿ. ಮದ್ದು ಬಿದ್ದ ನೀರಿಗೆ ನಾಲಗೆ ಹಾಕೂದಲ್ಲ. ನಿಮ್ಮ ಕಾಲು ಹಿಡಿತೆ." ಆಮೇಲೆ ಚೀಲದಿಂದ ಗೇಣುದ್ದದ ಕೊಳವೆಯೊಂದನ್ನು ತೆಗೆದಳು. ಒಂದು ತುದಿಯ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಇನ್ನೊಂದು ತುದಿಗೆ ಕಣ್ಣಿಟ್ಟು ಬೆಳಕಿಗೆ ಹಿಡಿದರೆ ಉಪ್ಪಿನ ಅಂಕಿ ಕಾಣುತ್ತದೆ.

"ದುರ್ಬೀನು!" ಎಂದಳು ಗಣಪಿ. ಅಂದಿನಿಂದ ಅದಕ್ಕೆ ಅದೇ ಹೆಸರು.

ಇಬ್ಬರೂ ತೆಂಕಿನ ಬಾಗಿಲಿಗೆ ಹೋದರು. ಬೊಗಸೆಯ ನೀರು ಆರು ತೋರಿಸಿತು. ಬಿದಿರಿನಲ್ಲಿ ತಳದಿಂದ ಬಂದದ್ದು ಹತ್ತೊಂಬತ್ತು. ಅಂಕಿತಾ ಎರಡು ಸಲ ಒರೆಸಿ ಎರಡು ಸಲ ನೋಡಿದಳು. ಮೊಣಕಾಲುದ್ದದ ನೀರಿನಲ್ಲಿ ಎರಡು ಹೊಳೆ ಒಂದರ ಮೇಲೊಂದು ಮಲಗಿದ್ದವು.

"ಗಂಜಿ ಮೇಲೆ, ಸಾರು ಕೆಳಗೆ" ಎಂದಳು ಗಣಪಿ. ಅಂಕಿತಾ ಕೈಯ ಮೇಲೆ ಪೆನ್ನಿನಿಂದ ಬರೆದುಕೊಂಡಳು: ಗಂಜಿ ಐದು, ಕಣ್ಣೀರು ಹತ್ತು, ಸಾರು ಹದಿನೆಂಟು, ಕಡಲು ಮೂವತ್ತೈದು.

"ಇದನ್ನ ಶ್ರೀಧರಣ್ಣನಿಗೆ ಹೇಳಿದ್ರೆ ನಂಬ್ತಾರಾ?" ಎಂದು ಕೇಳಿದಳು ಗಣಪಿ.

"ಇಲ್ಲ. ಅಪ್ಪನೂ ನಂಬೂದಿಲ್ಲ. ತೋರಿಸ್ಬೇಕು."

ಬುಧವಾರ ಬೆಳಿಗ್ಗೆ ಎಂಟಕ್ಕೆ ಹೊನ್ನೆ ಮರದ ನೆರಳಲ್ಲಿ ನಾಲ್ಕು ಪ್ಲಾಸ್ಟಿಕ್ ಟಬ್ಬು. ಎರಡಕ್ಕೆ ತೆಂಕಿನ ತಳದ ಉಪ್ಪುನೀರು. ಎರಡಕ್ಕೆ ಬಾವಿಯ ನೀರಿಗೆ ಅದೇ ಉಪ್ಪುನೀರು ಸ್ವಲ್ಪ ಬೆರೆಸಿದ ಗಂಜಿನೀರು. ಒಂದೊಂದಕ್ಕೂ ಹತ್ತು ಸಿಗಡಿ. ಊರವರು ಕೆಲಸ ಬಿಟ್ಟು ಬಂದರು. ಬಂಗಾರಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮದುವೆಗೆ ಬಂದವಳಂತೆ ಸರಗಳನ್ನೆಲ್ಲ ಹಾಕಿಕೊಂಡಿದ್ದಳು.

"ಅಪ್ಪ, ನಿಮ್ಮ ಬಾಟ್ಲಿ ತನ್ನಿ" ಎಂದಳು ಅಂಕಿತಾ.

"ನನ್ನ ಮಗಳೇ ನನ್ನ ಮೇಲೆ ಸಾಕ್ಷಿ" ಎಂದ ಉದಯ. ಆದರೂ ತಂದ. ಅವಳು ಕೈಗೆ ಕವಚ ಹಾಕಿಕೊಂಡು ಒಂದು ಹನಿಯನ್ನು ಕೊಡಪಾನ ನೀರಿಗೆ ಬಿಟ್ಟು ಕಲಸಿ, ಆ ನೀರಿನಿಂದ ಒಂದೇ ಅಳತೆಯ ಚಮಚ ಒಂದು ಉಪ್ಪುನೀರಿನ ಟಬ್ಬಿಗೆ, ಒಂದು ಗಂಜಿನೀರಿನ ಟಬ್ಬಿಗೆ ಹಾಕಿದಳು. ಉಳಿದೆರಡಕ್ಕೆ ಏನೂ ಇಲ್ಲ. "ಚಮಚ ಸಮ ಇತ್ತಲ್ಲ, ಅಪ್ಪ?"

"ಸಮ" ಎಂದು ಉದಯನೇ ಒಪ್ಪಿದ.

ಮೊದಲ ಎರಡು ತಾಸು ಏನೂ ಆಗಲಿಲ್ಲ. ನಾಗು ಆಕಳಿಸಿದ. ಮದ್ದಿಲ್ಲದ ಉಪ್ಪುನೀರಿನ ಟಬ್ಬಿನಿಂದ ಒಂದು ಸಿಗಡಿ ಹಾರಿ ಬಂಗಾರಿಯ ಮಡಿಲಿಗೆ ಬಿತ್ತು.

"ಇದಕ್ಕೆ ಅಡುಗೆ ಮನೆ ದಾರಿ ಗೊತ್ತದೆ" ಎಂದಳು ಅವಳು. ಸಭೆಯೆಲ್ಲ ನಕ್ಕಿತು.

ಹನ್ನೊಂದಕ್ಕೆ ನಗು ನಿಂತಿತು. ಮದ್ದು ಬಿದ್ದ ಗಂಜಿನೀರಿನಲ್ಲಿ ಒಂದು ಸಿಗಡಿ ಮೇಲೆ ಬಂದು ಬುಗುರಿಯಂತೆ ಸುತ್ತತೊಡಗಿತು, ಸೋಮವಾರ ಬೆಳಿಗ್ಗೆ ಸುತ್ತಿದ ಹಾಗೆಯೇ. ಆಮೇಲೆ ಇನ್ನೊಂದು. ಮಧ್ಯಾಹ್ನ ಒಂದಕ್ಕೆ ಏಳು ಮಗುಚಿದ್ದವು. ನಾಲ್ಕಕ್ಕೆ ಹತ್ತೂ. ಅದೇ ಚಮಚ ಮದ್ದು ಬಿದ್ದ ಉಪ್ಪುನೀರಿನಲ್ಲಿ ಸತ್ತದ್ದು ಒಂದು, ಮಿಕ್ಕವು ಮಂಕಾಗಿ ಮೂಲೆಯಲ್ಲಿ ಕುಳಿತಿದ್ದವು. ಮದ್ದಿಲ್ಲದ ಗಂಜಿನೀರಿನವು ಸುಸ್ತಾಗಿದ್ದರೂ ಎಲ್ಲ ಬದುಕಿದ್ದವು.

ಉದಯ ಹತ್ತೂ ಸತ್ತ ಟಬ್ಬಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. "ಒಂದೇ ಚಮಚ" ಎಂದ, ತನಗೆ ತಾನೇ.

"ಉಪ್ಪಿನಲ್ಲಿ ಬೆಳೆದ ಜೀವ" ಎಂದಳು ಅಂಕಿತಾ. "ನೀರು ಒಮ್ಮೆಲೇ ಸಿಹಿ ಆದ್ರೆ ಮೈ ಸರಿ ಮಾಡ್ಕಳೂಕೇ ಅದರ ಶಕ್ತಿ ಎಲ್ಲಾ ಹೋಗ್ತದೆ. ಮೇಲಿಂದ ನೀರು ಬಿಸಿ ಬೇರೆ. ಆಗ ಬಿದ್ದ ಮದ್ದನ್ನ ತಡ್ಕಳೂಕೆ ಎಂತದೂ ಉಳಿಯೂದಿಲ್ಲ. ನಿಮ್ಮ ಅಳತೆ ಬದಲಾಗ್ಲಿಲ್ಲ, ಅಪ್ಪ. ನೀರು ಬದಲಾತು. ಎಲ್ಲಾ ಮದ್ದೂ ಹೀಂಗೇ ಅಂತ ನಾ ಹೇಳ್ತ್ನಿಲ್ಲ. ಈ ಮದ್ದು, ಈ ನೀರು, ಇವತ್ತು ಕಂಡದ್ದು ಇಷ್ಟು."

ಗಣಪಿ ಎದ್ದು ನಿಂತಳು. ಕೀಲಿ ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟಳು.

"ಅರ್ಧ ತಪ್ಪು ನಂದು" ಎಂದಳು. "ಬಡಗಿಂದು ಸತ್ತದ್ದು ಮದ್ದಿಗೆ ಮಾತ್ರ ಅಲ್ಲ. ಕಬ್ಬಿಣದ ಬಾಗಿಲು ಬುಡದಿಂದ ತೆಗೀತದೆ. ನಾ ಒಳ್ಳೇ ನೀರು ಹೊರಗೆ ಹಾಕಿ, ಕೆಟ್ಟ ನೀರು ಒಳಗೆ ಇಟ್ಕಂಡೆ. ನಳಿಗೆ ಇಳಿಸಿದ್ರೆ ಅವತ್ತೇ ಗೊತ್ತಾಗ್ತಿತ್ತು. ಇಳಿಸ್ಲಿಲ್ಲ. ಈಗ ನೀವು ಒಡ್ಡು ಕಡಿದು ತೆಂಕಿನ ನೀರನ್ನೂ ಅದೇ ಬಾಗಿಲಿಂದ ಬಿಟ್ರೆ, ಶುಕ್ರವಾರ ರಾಶಿ ಶೆಟ್ಲಿ ಬೆಳ್ಳಕ್ಕಿಗೆ ಹಾಕೂದು. ಕೀಲಿ ಇಲ್ಲಿ ಅದೆ. ತಗಳ್ಳಿ. ಅಥವಾ ನಂಗೆ ಬಿಡಿ, ನಾ ಮೇಲಿಂದ ತೆಗೀತೆ."

ಶ್ರೀಧರಣ್ಣ ಕೀಲಿಯನ್ನೂ ನೋಡಿದರು, ಟಬ್ಬನ್ನೂ ನೋಡಿದರು. ತಾವು ಹೂ ಹಾಕಿದ ಚಕ್ರ ಅಲ್ಲಿಂದ ಕಾಣುತ್ತಿತ್ತು. ಅತ್ತ ನೋಡಲಿಲ್ಲ.

"ನಾನು ಆ ತಗಡು ತರೂಕೆ ಎಷ್ಟು ಓಡಾಡ್ದೆ ಗೊತ್ತದ್ಯಾ, ಗಣಪಿ?"

"ಗೊತ್ತದೆ, ಶ್ರೀಧರಣ್ಣ. ಬೇಸಿಗೆಗೆ ಅದು ಬಂಗಾರ. ಮಳೆಗೆ ಅಲ್ಲ."

"ಬಂಗಾರ ಅಂದ್ರಾ?" ಎಂದು ಕುರ್ಚಿಯಿಂದ ಬಂಗಾರಿ ಕೇಳಿದಳು. "ನನ್ನ ಹೆಸರು ಕಬ್ಬಿಣಕ್ಕೆ ಇಡಬೇಡಿ, ಮಾರಾಯ್ರೆ."

ಶ್ರೀಧರಣ್ಣ ನಕ್ಕೇಬಿಟ್ಟರು. ಕೀಲಿಯನ್ನು ಮೇಜಿನುದ್ದಕ್ಕೆ ಗಣಪಿಯ ಕಡೆ ಜಾರಿಸಿದರು. ಗುರುವಾರ ಇಡೀ ದಿನ ನಾಗು, ಉದಯ, ಇನ್ನೂ ಮೂವರು ತೆಂಕಿನ ಹಲಗೆಗಳಿಗೆ ಕಚ್ಚಿದ ಕಲ್ಗ ಕೆತ್ತಿದರು. ಉದಯ ತನ್ನ ತೋಡಿಗೆ ಮಣ್ಣಿನ ಮೂಟೆ ಅಡ್ಡ ಹಾಕಿ, ಸಿಗಡಿ ಹಿಡಿಯುವವರೆಗೆ ಮದ್ದಿನ ಡಬ್ಬ ಮುಟ್ಟುವುದಿಲ್ಲ ಎಂದ.

ಶುಕ್ರವಾರದ ಮಳೆ ಹೇಳಿದ ಮಾತಿಗೆ ತಪ್ಪದೆ ಬಂತು. ಬೆಳಗಿನಿಂದ ಮಧ್ಯಾಹ್ನದವರೆಗೆ. ಗಣಪಿ ತಲೆಗೆ ಕೊಪ್ಪೆ ಹಾಕಿ ತೆಂಕಿನ ಬಾಗಿಲಲ್ಲಿ ನಿಂತಳು. ತಾಸಿಗೊಮ್ಮೆ ಬಿದಿರು ಇಳಿಸಿ ತಳದ ನೀರೆತ್ತಿದಳು, ಅಂಕಿತಾ ದುರ್ಬೀನಿಗೆ ಕಣ್ಣಿಟ್ಟಳು. ಹದಿನೇಳು. ಹದಿನಾರು. ಹದಿನೈದು. ಮಣ್ಣಿನ ಮೂಟೆ ದಾಟಿ ತೋಡಿನ ಕೆಂಪು ನೀರು ಇಳಿಯಲು ಶುರುವಾಗಿತ್ತು.

"ಎಲ್ಲಾ ಹಲಗೆ ತೆಗ್ದುಬಿಡು, ಅಕ್ಕ!" ಎಂದು ಒಡ್ಡಿನ ಮೇಲಿಂದ ನಾಗು ಕೂಗಿದ.

"ಸುಮ್ನಿರು. ಮೂರನೇ ಹಲಗೆ ವರೆಗೆ ಮದಿಮಗಳು, ಅಲ್ಲಿಂದ ಕೆಳಗೆ ಮನೆ ಅಜ್ಜಿ. ಮದಿಮಗಳನ್ನ ದಿಬ್ಬಣಕ್ಕೆ ಕಳಿಸು ಅಂದ್ರೆ ಅಜ್ಜಿಯನ್ನೂ ಹೊರಗೆ ಹಾಕ್ತ್ಯಾ?"

ಇಳಿತ ಹೊಳೆಯನ್ನು ಕೆಳಗೆಳೆದಾಗ ಅವಳು ಮೇಲಿನ ಹಲಗೆ ಎತ್ತಿದಳು. ಎರಡನೆಯದು. ಮೂರನೆಯದನ್ನು ಅಲ್ಲೇ ಬಿಟ್ಟಳು. ಕೆಂಪು ನೀರು ಹಲಗೆಯ ಅಂಚಿನ ಮೇಲೆ ಹಾಳೆಯಂತೆ ತೆಳ್ಳಗೆ ಹೊರಳಿ ಹೊಳೆಗೆ ಬಿತ್ತು. ಅದರಡಿಯ ನೀರು ಅಲ್ಲಾಡಲಿಲ್ಲ. ಎರಡು ತಾಸು ಅವಳ ಕೈ ಆ ಮೂರನೆಯ ಹಲಗೆಯ ಮೇಲೇ ಇತ್ತು, ಕೂಸಿನ ಎದೆಯ ಮೇಲೆ ಇಟ್ಟ ಹಾಗೆ. ಹದಿನಾಲ್ಕು, ಎಂದಳು ಅಂಕಿತಾ. ಮತ್ತೆ ಹದಿನಾಲ್ಕು. ಆಮೇಲೆ ಅದು ಇಳಿಯಲಿಲ್ಲ. ಭರತ ತಿರುಗಿದಾಗ ಗಣಪಿ ಹಲಗೆಗಳನ್ನು ಮುಚ್ಚಿ ಒಡ್ಡಿನ ಮೇಲೆ ಕುಳಿತಳು. ಆಗ ಗೊತ್ತಾಯಿತು, ಬೆಳಿಗ್ಗೆಯಿಂದ ಅವಳು ಹಾಡುತ್ತಲೇ ಇದ್ದಳು, ಗಂಟಲು ಕಟ್ಟಿತ್ತು.

ಶನಿವಾರ ಬೆಳ್ಳಕ್ಕಿಗಳು ಬಂದವು. ತೆಂಕಿನ ಒಡ್ಡಿನ ಮೇಲೆ ಸಾಲಾಗಿ ನಿಂತು ಕಾದವು. ಬಿಸಿಲೇರಿದ ಮೇಲೆ ಹಸಿದುಕೊಂಡೇ ಹಾರಿಹೋದವು. ಹುಣ್ಣಿಮೆಯ ಇಳಿತಕ್ಕೆ ಬಲೆ ಕಟ್ಟಿದಾಗ, ಬಲೆಯ ಹೊಟ್ಟೆ ಎತ್ತಲು ನಾಲ್ಕು ಜನ ಬೇಕಾಯಿತು. ಬಡಗಿನವರಿಗೂ ತೆಂಕಿನದರಲ್ಲಿ ಪಾಲು ಹೋಯಿತು. ಅದನ್ನು ಮೊದಲು ಹೇಳಿದವರು ಶ್ರೀಧರಣ್ಣ.

ಕಗ್ಗ ಬಿತ್ತುವ ಮುನ್ನ ಬಡಗಿನ ಬಾಗಿಲಿನ ಹಳೇ ಗಾಡಿಗೆ, ಕಬ್ಬಿಣದ ತಗಡಿನ ಮುಂದೆಯೇ, ಏಳು ಹೊಸ ಹಲಗೆ ಬಂದವು. ಈಗ ಅಲ್ಲಿ ಎರಡೂ ಇವೆ. ಯಾವಾಗ ಯಾವುದು ಎಂಬುದು ಗಣಪಿಗೆ ಬಿಟ್ಟದ್ದು.

ಮೊನ್ನೆ ನವೆಂಬರಿನಲ್ಲಿ, ಕೊಯ್ಲು ಮುಗಿದು ಹೊಸ ನೀರು ಒಳಗೆ ಬಂದು, ಸಿಗಡಿ ಮರಿ ಬಿಟ್ಟು ಎರಡು ವಾರವಾಗಿತ್ತು. ಕಾಲವಲ್ಲದ ಕಾಲದಲ್ಲಿ ಮತ್ತೆ ಎರಡು ದಿನ ಮಳೆ. ಉದಯ ತನ್ನ ಗದ್ದೆಯ ಅಂಚಿಗೆ ಬಂದು ಕೂಗಿದ, ಈಗ ಅದು ಅವನ ರೂಢಿ:

"ಗಣಪಕ್ಕಾ! ನೀರು ಹ್ಯಾಂಗದೆ? ನಾಳೆ ಮದ್ದು ಹೊಡೀಲಾ?"

ಗಣಪಿ ಬಿದಿರು ಇಳಿಸಿದಳು, ಬೆರಳು ಬಿಟ್ಟಳು, ಒತ್ತಿ ಎತ್ತಿದಳು. ಹನಿಯುವ ತುದಿ ತನ್ನಷ್ಟಕ್ಕೇ ತುಟಿಯ ಹತ್ತಿರ ಬಂತು. ಮೂವತ್ತಮೂರು ವರ್ಷದ ದಾರಿ ಅದು. ತುಟಿಗೆ ಒಂದು ಬೆರಳಿನಷ್ಟು ದೂರದಲ್ಲಿ ಕೈ ನಿಂತಿತು. ಬಾಯಿ ಮುಚ್ಚಿಕೊಂಡು, ಹನಿಯನ್ನು ಅಂಕಿತಾ ಬಿಟ್ಟುಹೋದ ದುರ್ಬೀನಿನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದಳು. ಹನ್ನೆರಡು.

"ಕಣ್ಣೀರು ದಾಟ್ಯದೆ, ಸಾರಾಗ್ಲಿಲ್ಲ!" ಎಂದು ಕೂಗಿದಳು. "ಈಗ ಬ್ಯಾಡ. ಸೋಮವಾರ ದೊಡ್ಡ ಭರತ ಬಂದ್ಮೇಲೆ ಕೇಳು!"

"ಸೋಮವಾರದ ವರೆಗೆ ಹುಳ ಕಾಯ್ತದ್ಯಾ?"

"ಕೈಲಿ ಹೆಕ್ಕು! ಹತ್ತು ಬೆರಳು ಎಂತಕ್ಕೆ ಕೊಟ್ಟದ್ದು?"

ಉದಯ ಏನೋ ಗೊಣಗಿದ. ಗಾಳಿ ಅದನ್ನು ಇತ್ತ ತರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಬದನೆ ಸಾಲಿನಲ್ಲಿ ಬಗ್ಗಿ ಒಂದೊಂದೇ ಎಲೆ ಮಗುಚುವುದು ಕಂಡಿತು. ಗಣಪಿ ಮೇಲಿನ ಹಲಗೆಗೆ ಕೈ ಹಾಕಿದಳು.